ಅಕ್ಕೋರ ಕಣಿವೆಮಾರ್ಗ

ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ನಾನು ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿದ್ದೆ. ಸಿಂಧನೂರಿನ ಬಸ್ಸು ಎಲ್ಲಿ ತಪ್ಪೀತೋ ಎಂದು ಒಂದು ತಾಸು ಮೊದಲೇ ಹೋಗಿ, ಕೂತ ಬೆಂಚು ಎಲ್ಲಿ ಮುರಿದೀತೋ ಎಂದು ಅದರ ತುದಿಗೆ ಕೂತಿದ್ದೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಗುರುತು ಹಿಡಿದು ಬಂದು, "ಸರ, ಅಕ್ಕೋರು ಹೋದ್ರಂತ್ರೀ, ಇವತ್ತ ಮುಂಜಾನಿ," ಅಂದಳು. ಯಾವ ಅಕ್ಕೋರು ಎಂದು ನಾನು ಕೇಳಲಿಲ್ಲ. ನಮ್ಮ ಶಾಲೆಯಲ್ಲಿ ಐದಾರು ಮಂದಿ ಶಿಕ್ಷಕಿಯರಿದ್ದರು, ಹುಡುಗಿಯರು ಎಲ್ಲರಿಗೂ ಅಕ್ಕೋರು ಎಂದೇ ಅನ್ನುತ್ತಿದ್ದರು. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಬರೀ ಅಕ್ಕೋರು ಅಂದರೆ ಭೂಗೋಳದ ಅಕ್ಕೋರು ಒಬ್ಬರೇ. ಇಲ್ಲಿಯೂ ಅಷ್ಟೇ ಸಾಕು.

ಬೇರೆ ಕೆಲಸಕ್ಕೆಂದು ಹೊರಟಿದ್ದ ಅದೇ ಬಸ್ಸಿನಲ್ಲಿ ಮಣ್ಣಿಗೆ ಹೋದೆ. ಸಿಂಧನೂರಿನಲ್ಲಿ ಅಕ್ಕೋರ ತಮ್ಮನ ಮನೆಯ ಮುಂದೆ ಅವರನ್ನು ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹೂವು. ಇನ್ನೇನು ಹಾಜರಿ ಕರೆಯುತ್ತಾರೆ ಎನ್ನುವಂಥ ಮುಖ. ಭಜನೆಯವರು ಒಂದು ಗಳಿಗೆ ದಣಿವಾರಿಸಿಕೊಳ್ಳುವಾಗ ಹಿರಿಯರೊಬ್ಬರು, "ಹಿಮಾಲಯ ದಾಟಿ ಬಂದ ಜೀವ ನೋಡ್ರಿ ಇದು," ಅಂದರು. ನಾಲ್ಕು ಮಂದಿ ಹೌದು ಹೌದು ಎಂದರು. ಸತ್ತವರ ಮನೆಯಲ್ಲಿ ಮಾತು ತಿದ್ದುವುದು ಚಂದವಲ್ಲ. ಅಲ್ಲದೆ ತಿದ್ದಿದರೆ ಪೂರ್ತಿ ಕಥೆ ಹೇಳಬೇಕಾಗುತ್ತದೆ, ನನಗೆ ದಣಿವು. ಆದರೆ ಕೂತಲ್ಲಿಂದ ಅಕ್ಕೋರು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ತಪ್ಪು ಉತ್ತರವನ್ನು ಅವರು ಯಾರ ಬಾಯಲ್ಲೂ ಉಳಿಯಗೊಟ್ಟವರಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವೆ ನಾನು ಗಣಿತ ಕಲಿಸಲು ಲಿಂಗಸುಗೂರಿಗೆ ಬಂದಾಗ ಅಕ್ಕೋರು ಅಲ್ಲಿ ಹಳಬರು. ಕುಳ್ಳು ಆಳು, ಅಗಲ ಮೈ, ನೂಲಿನ ಸೀರೆ, ಎಡ ಮೊಣಕಾಲಿಗೆ ಕಾಯಂ ನೋವು. ಸೆರಗಿನ ತುದಿಯಲ್ಲಿ ಒಂದು ತುಂಡು ಸೀಮೆಸುಣ್ಣ ಗಂಟು ಕಟ್ಟಿರುತ್ತಿದ್ದರು. ಗಂಡ ಬಹಳ ಹಿಂದೆ ತೀರಿದ್ದರು, ಮಕ್ಕಳಿರಲಿಲ್ಲ. ಈ ಎರಡನ್ನೂ ಮೊದಲ ದಿನವೇ ನನಗೆ ಹೇಳಿ ಮುಗಿಸಿದರು. "ಹಿಂದಿಂದ ಮಂದೀನ ಕೇಳಿ ತಿಳಕೊಳ್ಳೂ ತ್ರಾಸ ತಗೋಬ್ಯಾಡ್ರಿ ಮಾಸ್ತರ್ರ. ಇನ್ನೇನರ ಕೇಳೂದಿತ್ತಂದ್ರ ಈಗ ಕೇಳ್ರಿ, ನನಗ ಮುಂದಿನ ಪಿರಿಯಡ್ ಐತಿ."

ನಮ್ಮಿಬ್ಬರ ತರಗತಿಗಳ ನಡುವೆ ಗೋಡೆ ಇರಲಿಲ್ಲ, ಒಂದು ಬಿದಿರಿನ ತಟ್ಟಿ ಇತ್ತು. ಈ ಕಡೆ ನಾನು ತ್ರಿಭುಜದ ಮೂರು ಕೋನಗಳನ್ನು ಕೂಡಿಸುತ್ತಿದ್ದರೆ ಆ ಕಡೆಯಿಂದ ಗಂಗಾ ನದಿ ಹರಿದು ಬರುತ್ತಿತ್ತು. ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಪ್ರಮೇಯದ ನಡುವೆ ಮೆಕ್ಕಲು ಮಣ್ಣು ಬರೆದದ್ದುಂಟು. ದೂರಲು ಹೋದೆ. "ನಿಮ್ಮ ಗಣಿತ ನನ್ನ ಕ್ಲಾಸಿಗೆ ಒಂದಿನಾನೂ ಬಂದಿಲ್ಲ ನೋಡ್ರಿ. ಯಾಕ ಅಂತ ವಿಚಾರ ಮಾಡ್ರಿ," ಅಂದರು. ನಾನು ವಿಚಾರ ಮಾಡಿದೆ, ನಾಲ್ಕು ದಿನ ನಿದ್ದೆ ಬರಲಿಲ್ಲ.

ಯಾವ ಕೆಲಸ ಮುಗಿದರೂ ಅವರದು ಒಂದೇ ಮಾತು: "ಹೈರಾಣ ಆತ್ರಿ. ಆದ್ರೂ ಆತು." ಜನಗಣತಿ ಮುಗಿಸಿ ಬಂದಾಗಲೂ ಅದೇ, ಚುನಾವಣೆಯ ಪೆಟ್ಟಿಗೆ ಒಪ್ಪಿಸಿ ಬಂದಾಗಲೂ ಅದೇ. ದಣಿವನ್ನು ಅವರು ಮುಚ್ಚಿಡುತ್ತಿರಲಿಲ್ಲ, ಹೊಗಳಿಕೊಳ್ಳುತ್ತಲೂ ಇರಲಿಲ್ಲ. ಬಿಸಿಲನ್ನು ಹೇಳಿದ ಹಾಗೆ ಹೇಳಿ ಕುರ್ಚಿ ಎಳೆದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ತಟ್ಟಿಯಾಚೆ ಹಿಮಾಲಯದ ಪಾಠ ನಡೆದಿತ್ತು. ಪರ್ವತಗಳ ನಡುವೆ ದಾಟಿ ಹೋಗಲು ಅನುಕೂಲವಾದ ತಗ್ಗಿನ ದಾರಿಗೆ ಕಣಿವೆಮಾರ್ಗ ಎನ್ನುತ್ತಾರೆ ಎಂದು ಅಕ್ಕೋರು ಬರೆಸುತ್ತಿದ್ದರು. ಒಬ್ಬ ಹುಡುಗಿ ಎದ್ದಳು.

"ಅಕ್ಕೋರೆ, ತಗ್ಗು ಅಂತೀರಿ. ಮತ್ತ ಮುಗಿಲಷ್ಟು ಎತ್ತರ ಐತಿ ಅಂತೀರಿ. ಎರಡೂ ಹೆಂಗ್ರೀ?"

"ಪುಸ್ತಕದಾಗ ಐತಿ ನೋಡು."

"ಪುಸ್ತಕದಾಗ ತಿಳಿವಲ್ದುರೀ. ನೀವು ನೋಡೀರೇನ್ರೀ?"

ನನ್ನ ಕೈ ಹಲಗೆಯ ಮೇಲೆ ನಿಂತಿತು.

"ಇಲ್ಲವ್ವ. ನಾ ನೋಡಿಲ್ಲ," ಅಂದರು ಅಕ್ಕೋರು. "ಕುಂಡ್ರು."

ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಬಂದು ನನ್ನೆದುರು ಕೂತರು. ಚಹಾ ಆರಿಹೋಯಿತು. "ಮಾಸ್ತರ್ರ, ಇಷ್ಟು ವರ್ಷ ಮಂದಿ ನೋಡಿದ್ದನ್ನ ನಾ ಹೇಳಿಕೋಂತ ಬಂದೀನಿ. ಮಸ್ಕಿ ಗುಡ್ಡಕ್ಕಿಂತ ಎತ್ತರದ್ದು ಒಂದೂ ಏರಿಲ್ಲ. ರಿಟೈರ್ ಆಗೂದ್ರೊಳಗ ಒಂದರ ಕಣಿವೆಮಾರ್ಗ ದಾಟಬೇಕು. ದಾಟಿ ಬಂದು ಆ ಪಾಠ ಒಂದು ಸಲ ಮಾಡಬೇಕು. ಅಷ್ಟ."

"ನಿಮ್ಮ ಮೊಣಕಾಲು?" ಅಂದೆ.

"ಅದೂ ಬರತೈತಿ. ಬಿಟ್ಟು ಹೋಗಾಕ ಆಗತೈತೇನು?"

ದಾರಿ ತೋರಿಸಿದವನು ಸಿಂಧನೂರಿನ ಗೊಬ್ಬರದ ಅಂಗಡಿಯ ಸಾಹುಕಾರ. ಅಕ್ಕೋರು ಹಿಂದೆ ಸಿಂಧನೂರಿನಲ್ಲಿದ್ದಾಗ ಅವರ ಕೈಯಲ್ಲಿ ಕಲಿತವನು. ಕಾಲುವೆಯ ದಂಡೆಯ ಮೇಲೆ ದಿನಾ ನಸುಕಿನಲ್ಲಿ ಕೈ ಬೀಸಿ ನಡೆಯುವ ಗಟ್ಟಿ ಆಳು. ಯಾವುದೋ ಊರಿನ ಚಾರಣ ಸಂಘ ಬೇಸಿಗೆ ರಜೆಯಲ್ಲಿ ಜನರನ್ನು ಹಿಮಾಲಯಕ್ಕೆ ಕರೆದೊಯ್ಯುತ್ತದೆ ಎಂದು ಅವನಿಗೆ ಗೊತ್ತಾಗಿತ್ತು. "ಅಕ್ಕೋರೆ, ನೀವು ಹೂಂ ಅನ್ರಿ. ಹೊತ್ಕೊಂಡರ ದಾಟಿಸ್ತೀನಿ," ಅಂದ.

"ಎಸ್ಸೆಸ್ಸೆಲ್ಸಿ ದಾಟಾಕ ನಿನ್ನ ನಾ ಹೊತ್ತೀನಿ, ಮರತೇನಲೇ?" ಅಂದರು ಅಕ್ಕೋರು.

ನನ್ನನ್ನು ಯಾಕೆ ಕರೆದರು ಎಂಬುದು ಬಹಳ ದಿನ ನನಗೆ ತಿಳಿಯಲಿಲ್ಲ. ನಾನು ಟಾರಿನ ರಸ್ತೆಯಲ್ಲೇ ಎಡವುವವನು. ಕೇಳಿದಾಗ ಅವರು ಕೊಟ್ಟ ಉತ್ತರ ಇಷ್ಟು: "ನೀವು ಎಲ್ಲಾದಕ್ಕೂ ಹೆದರ್ತೀರಿ. ನೀವು ಜೊತಿಗಿದ್ರ ನಾ ಬ್ಯಾರೆ ಹೆದರೂದು ಉಳಿಯಂಗಿಲ್ಲ." ಮನೆಯಲ್ಲಿ ಹೆಂಡತಿ ತಡೆಯುತ್ತಾಳೆ ಎಂದು ಆಸೆಯಿಂದ ಕಾದೆ. ಅವಳು, "ಹೋಗಿ ಬರ್ರಿ. ಇಲ್ಲಿ ಕುಂತು ಹೆದರೂದನ್ನ ಅಲ್ಲಿ ಹೋಗಿ ಹೆದರ್ರಿ, ಹವಾ ಬದಲಾಗತೈತಿ," ಅಂದಳು.

ಅಭ್ಯಾಸಕ್ಕೆ ಮಸ್ಕಿ ಗುಡ್ಡ ಎಂದು ಗೊತ್ತಾಯಿತು. ಮಸ್ಕಿ ನಮ್ಮ ಎರಡೂ ಊರುಗಳ ನಡುವೆ. ಪ್ರತಿ ಐತವಾರ ಸಾಹುಕಾರ ಸಿಂಧನೂರಿನಿಂದ ಮೋಟಾರು ಸೈಕಲ್ಲಿನಲ್ಲಿ ಬರುತ್ತಿದ್ದ, ನಾವು ಲಿಂಗಸುಗೂರಿನಿಂದ ಬಸ್ಸಿನಲ್ಲಿ. ಗುಡ್ಡದ ಬುಡದಲ್ಲಿ ಕಾಯಿ ಮಾರುವ ಮುದುಕಿ ಇದ್ದಳು. ಕಾಯಿ ಕೊಂಡವರ ಚಪ್ಪಲಿ, ಚೀಲ, ಛತ್ರಿ ಎಲ್ಲ ಅವಳ ಹತ್ತಿರವೇ ಇರುತ್ತಿದ್ದವು. ಬರಿಗಾಲಿನಲ್ಲಿ ಖಾಲಿ ಕೈಯಲ್ಲಿ ಮೆಟ್ಟಿಲು ಹತ್ತುವುದು, ಮೇಲೆ ಗುಡಿಯಲ್ಲಿ ಮಲ್ಲಯ್ಯನಿಗೆ ಕಾಯಿ ಒಡೆಸುವುದು, ಬೆವರು ಆರುವ ತನಕ ಬಂಡೆಯ ಮೇಲೆ ಕೂತು ದೂರದ ಗದ್ದೆ ನೋಡುವುದು, ಅದೇ ಮೆಟ್ಟಿಲಿನಿಂದ ಇಳಿದು ಮುದುಕಿಯ ಹತ್ತಿರ ಸಾಮಾನು ತಗೊಂಡು, ಬಸ್ ನಿಲ್ದಾಣದ ಎದುರು ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಮನೆಗೆ. ಇಡೀ ಚಳಿಗಾಲ ಹೀಗೆ ನಡೆಯಿತು. ಅಕ್ಕೋರು ನನ್ನನ್ನೇ ಮುಂದೆ ಬಿಡುತ್ತಿದ್ದರು. ಪ್ರಭಾತಫೇರಿಯಲ್ಲಿಯೂ ಎಲ್ಲಕ್ಕಿಂತ ನಿಧಾನದ ಹುಡುಗಿಯ ಕೈಗೇ ಬಾವುಟ ಕೊಟ್ಟು ಮುಂದೆ ನಿಲ್ಲಿಸುವುದು ಅವರ ಪದ್ಧತಿ. "ಅಂದ್ರ ಯಾರೂ ಹಿಂದ ಉಳಿಯಂಗಿಲ್ಲ," ಎನ್ನುತ್ತಿದ್ದರು. ಹಿಂದಿನಿಂದ ಸಾಹುಕಾರ, "ಮಾಸ್ತರ್ರ, ಮೆಟ್ಟಲಾ ಎಣಸಾಕತ್ತೀರೋ, ಏರಾಕತ್ತೀರೋ?" ಎಂದು ಕೂಗುತ್ತಿದ್ದ.

ಅಂತೂ ತೊಂಬತ್ತರ ದಶಕದ ಆರಂಭದ ಒಂದು ಮೇ ತಿಂಗಳಲ್ಲಿ ರಾಯಚೂರಿನಲ್ಲಿ ರೈಲು ಹತ್ತಿದೆವು. ಆ ಪ್ರಯಾಣವನ್ನೂ, ಪೆಟ್ಟಿಗೆಗೆ ನಾನು ಹಾಕಿದ ಎರಡು ಬೀಗಗಳನ್ನೂ, ಅವುಗಳಲ್ಲಿ ಒಂದರ ಕೀಲಿ ಕಳೆದದ್ದನ್ನೂ ಇಲ್ಲಿ ಬಿಡುತ್ತೇನೆ. ಮಲೆಯ ಬುಡದಿಂದ ನಡಿಗೆ ಸುರುವಾಯಿತು. ದವಸವನ್ನು ಹೇಸರಗತ್ತೆಗಳು ಹೊರುತ್ತಿದ್ದವು. ಅವರವರ ಕಂಬಳಿ ಬಟ್ಟೆಯ ಗಂಟನ್ನು ಅವರವರೇ ಬೆನ್ನಿಗೆ ಕಟ್ಟಿಕೊಳ್ಳಬೇಕು. ಮೊದಲ ದಿನ ದೇವದಾರು ಮರಗಳ ನೆರಳು ಚಂದ ಕಂಡಿತು. ಎರಡನೆಯ ದಿನದಿಂದ ನಾನು ಮುಂದಿನವರ ಹಿಮ್ಮಡಿ ಬಿಟ್ಟು ಏನನ್ನೂ ನೋಡಲಿಲ್ಲ. ಮರಗಳು ಮುಗಿದವು, ಹುಲ್ಲು ಮುಗಿಯಿತು, ಬರೀ ಕಲ್ಲು ಉಳಿಯಿತು. ನಾಲ್ಕು ಹೆಜ್ಜೆ ಇಟ್ಟರೆ ಎದೆ ತಿದಿಯಂತೆ ಬಡಿಯುತ್ತಿತ್ತು. ಸಂಜೆ ಡೇರೆಯಲ್ಲಿ ಅಕ್ಕೋರು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚುತ್ತಿದ್ದರು. ಬೇರೆ ಬೇರೆ ಊರುಗಳಿಂದ ಬಂದ ಸಹಯಾತ್ರಿಗಳು ಆ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಊಟಕ್ಕೆ ಮೊದಲೇ ಮುಗಿಸಿಬಿಡುತ್ತಿದ್ದರು. ಅಕ್ಕೋರು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಹೈರಾಣ ಆತ್ರಿ," ಎನ್ನುತ್ತಿದ್ದರು. ಮುಂದಿನ ಮಾತು ಆಡುತ್ತಿರಲಿಲ್ಲ. ಅದು ಇನ್ನೂ ಆಗಿರಲಿಲ್ಲ.

ಕೊನೆಯ ಬಿಡಾರಕ್ಕೆ ಬಂದ ಸಂಜೆ ನಮ್ಮ ಮುಂದಾಳು, ಆ ಕಡೆಯ ಬೆಟ್ಟದ ಒಬ್ಬ ತೆಳ್ಳನೆಯ ಯುವಕ, ಮರುದಿನದ ವಿಷಯವನ್ನೆಲ್ಲ ಹಿಂದಿಯಲ್ಲಿ ಹೇಳಿದ. ನಸುಕಿನಲ್ಲೇ ಹೊರಡಬೇಕು, ಮಧ್ಯಾಹ್ನದೊಳಗೆ ಮೇಲೆ ಮುಟ್ಟಬೇಕು, ಆಮೇಲೆ ಮೋಡ ಕವಿಯುತ್ತದೆ. ಇಷ್ಟು ತಿಳಿಯಿತು. ಉಳಿದದ್ದನ್ನು ತಿಳಿಯುವಷ್ಟು ಕಸುವು ನಮ್ಮಲ್ಲಿ ಇರಲಿಲ್ಲ. ಡೇರೆಗೆ ಬಂದ ಮೇಲೆ ಸಾಹುಕಾರ, "ನಾಳಿಗೆ ಈ ಗಂಟು ಯಾಕ ಹೊರಬೇಕ್ರಿ? ಇಲ್ಲೇ ಇರ್ಲಿ. ಇಳಿಯಾಗ ತಗೊಂಡ್ರಾತು," ಅಂದ.

ಯಾರೂ ಬೇಡ ಅನ್ನಲಿಲ್ಲ. ಹಸುಗೂಸಿನ ಕುಲಾವಿಯೂ ಎಲ್ಲಿ ಹಾರೀತೋ ಎಂದು ಹೆದರುವ ನಾನು ಸಹ ಅನ್ನಲಿಲ್ಲ. ಮೂರೂ ಗಂಟುಗಳನ್ನು ಡೇರೆಯ ಮೂಲೆಗೆ ಜೋಡಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿ, ಅಡಿಗೆಯವನಿಗೆ ಕೈ ಸನ್ನೆಯಿಂದ ನೋಡಿಕೋ ಎಂದೆವು. ಅವನು ತಲೆಯಾಡಿಸಿದ. ಈ ಮೂವರು ಮೇಲೆ ಹೋಗುವವರಲ್ಲ, ಇಲ್ಲಿಂದಲೇ ಮರಳುವವರು ಎಂದು ತಿಳಿದಿರಬೇಕು. ನಮ್ಮನ್ನು ನೋಡಿದ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ನಸುಕಿನ ಮಂಜಿನಲ್ಲಿ ಮುಂದಾಳು ತಲೆ ಎಣಿಸಿದ, ಬೆನ್ನು ನೋಡಲಿಲ್ಲ. ಬೇರೆಯವರ ಬೆನ್ನನ್ನು ನಾವೂ ನೋಡಲಿಲ್ಲ. ಹಿಮದ ಮೇಲೆ ನಡಿಗೆ. ಮುಂದಿನವರು ತುಳಿದ ಗುಳಿಯಲ್ಲೇ ಕಾಲಿಡಬೇಕು, ಅದು ಕುಸಿಯಿತೆಂದರೆ ಮೊಣಕಾಲಿನವರೆಗೆ ಒಳಗೆ. ಹರೆಯದವರು ಬರಬರುತ್ತ ಮೇಲೆ ಸಣ್ಣ ಚುಕ್ಕೆಗಳಾದರು. ನಾವು ಮೂವರು ಕೊನೆಗೆ: ಮುಂದೆ ನಾನು, ನಡುವೆ ಅಕ್ಕೋರು, ಹಿಂದೆ ಹೆಗಲಿಗೆ ಒಂದು ಬಟ್ಟೆಚೀಲ ಹಾಕಿಕೊಂಡ ಸಾಹುಕಾರ. ಸಿಂಧನೂರಿನಿಂದ ತಂದ ಕಾಯಿ, ಊದಿನಕಡ್ಡಿ, ಕರ್ಪೂರ ಅದರಲ್ಲಿದ್ದವು.

ಮಂಜು ಹರಿದಾಗ ಅದು ಕಂಡಿತು. ಎರಡು ಭಯಂಕರ ಶಿಖರಗಳ ನಡುವೆ ತೊಟ್ಟಿಲು ಇಳಿಬಿಟ್ಟಂಥ ಒಂದು ಬಾಗು, ಅದರಾಚೆ ಕಡುನೀಲಿ ಆಕಾಶ. ಅಕ್ಕೋರು ನಿಂತರು. ಬಹಳ ಹೊತ್ತು ಉಸಿರು ಸರಿಮಾಡಿಕೊಂಡು, "ಮಾಸ್ತರ್ರ, ನೋಡ್ರಿ. ಇಲ್ಲಿಂದ ನೋಡಿದ್ರ ಎತ್ತರ. ಅವೆರಡರ ಲೆಕ್ಕದಾಗ ತಗ್ಗು. ಎರಡೂ ಖರೆ ಐತಿ," ಅಂದರು. ಅಷ್ಟು ಖುಷಿಯಿಂದ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಉಳಿದ ದಾರಿ ನಮ್ಮ ಶಾಲೆಯ ಬಯಲನ್ನು ಎರಡು ಸುತ್ತು ಹಾಕಿದಷ್ಟು.

ಕಡಿದಾದ ಕಡೆ ಹಗ್ಗ ಹಿಡಿಸಲು ಮುಂದಾಳು ಇಳಿದು ಬಂದ. ಅಕ್ಕೋರ ಕೈ ಹಿಡಿಯಹೋದವನು ನಮ್ಮ ಖಾಲಿ ಬೆನ್ನು ನೋಡಿದ. "ಸಾಮಾನ್ ಕಹಾಂ ಹೈ?"

ಸಾಹುಕಾರ ನಮ್ಮ ಸಿಂಧನೂರಿನ ಹಿಂದಿಯಲ್ಲಿ, "ನೀಚೆ ಹೈ. ವಾಪಸ್ ಆತೇ ವಖತ್ ಲೇತೇ," ಅಂದ, ಕೆಳಗಿದೆ, ವಾಪಸು ಬರುವಾಗ ತಗೊಳ್ಳುತ್ತೇವೆ ಎಂದು.

"ವಾಪಸ್?" ಮುಂದಾಳು ಕಪ್ಪು ಕನ್ನಡಕ ತೆಗೆದ. "ವಾಪಸ್ ಕೌನ್ ಆತಾ ಹೈ?"

ಯಾರು ವಾಪಸು ಬರುತ್ತಾರೆ. ಯಾರೂ ಬರುವುದಿಲ್ಲ. ಆ ಬಾಗು ದಾಟಿ ಆಚೆ ಇಳಿದು, ಆಚೆಯ ಬಿಡಾರದಲ್ಲಿ ಮಲಗಿ, ಆಚೆಯ ಊರಿನಲ್ಲಿ ಬಸ್ಸು ಹತ್ತಬೇಕು. ಇದು ಗುಡ್ಡವಲ್ಲ, ದಾರಿ. ನಾವು ಮಾತ್ರ ಇದನ್ನೂ ಮಲ್ಲಯ್ಯನ ಗುಡ್ಡವೆಂದೇ ಹತ್ತುತ್ತಿದ್ದೆವು. ಕಾಯಿ ಒಡೆಯುವುದು, ಇಳಿಯುವುದು, ಕೆಳಗೆ ಬಿಟ್ಟ ಸಾಮಾನು ತಗೊಳ್ಳುವುದು.

ಅಕ್ಕೋರು ಹಿಮದ ಮೇಲೆಯೇ ಕೂತುಬಿಟ್ಟರು. ಅಳುತ್ತಾರೆ ಎಂದುಕೊಂಡೆ. ಮೈ ಕುಲುಕುತ್ತಿತ್ತು. ನೋಡಿದರೆ ನಗುತ್ತಿದ್ದರು. "ಇಪ್ಪತ್ತೈದು ವರ್ಷ ಬಾಯಿಪಾಠ ಮಾಡಿಸೀನ್ರೀ. 'ದಾಟಿ ಹೋಗಲು ಅನುಕೂಲವಾದ ದಾರಿ.' ದಾಟಿ ಹೋಗಲು! ಮತ್ತ ಗಂಟು ಕೆಳಗ ಕಲ್ಲು ಹೇರಿ ಇಟ್ಟು ಬಂದೀನಿ!"

ಮುಂದಾಳು ನಗಲಿಲ್ಲ. ಆಚೆಯ ಬಿಡಾರವೂ ಹಿಮದಲ್ಲೇ ಇದೆ, ಕಂಬಳಿ ಇಲ್ಲದೆ ರಾತ್ರಿ ಕಳೆಯಲಾಗದು ಎಂದ. ಸ್ವಲ್ಪ ಯೋಚಿಸಿ, ಒಬ್ಬರಿಗಾದರೆ ದಾರಿ ಮಾಡಬಹುದು, ತಂಡದಲ್ಲಿ ಒಬ್ಬ ತೆಳುವಾದ ಹುಡುಗಿ ಇದ್ದಾಳೆ, ಅವಳ ಹೊದಿಕೆಯಲ್ಲಿ ಈ ಅಮ್ಮ ಹೇಗೋ ಮಲಗಲಿ, ನೀವಿಬ್ಬರೂ ಇಳಿಯಿರಿ ಎಂದ.

"ಹೋಗ್ರಿ ಅಕ್ಕೋರೆ," ಅಂದೆ ನಾನು.

"ನಿಮ್ಮ ಕಾಲಿಗೆ ಬೀಳ್ತೀನ್ರಿ, ಹೋಗ್ರಿ," ಅಂದ ಸಾಹುಕಾರ. "ನನ್ನ ಬುದ್ಧಿಗೇಡಿತನಕ್ಕ ನೀವ್ಯಾಕ ನಿಂದರಬೇಕ್ರಿ?"

ಅಕ್ಕೋರು ಮೇಲೆ ಆ ಬಾಗನ್ನು ನೋಡಿದರು. ಅಲ್ಲಿ ಚುಕ್ಕೆಯಂತಿದ್ದವರು ಒಬ್ಬೊಬ್ಬರೇ ಆಚೆ ಮರೆಯಾಗುತ್ತಿದ್ದರು. ಅಕ್ಕೋರ ಮುಖದಲ್ಲಿ ಆಸೆ ಎಷ್ಟು ಬಯಲಾಗಿ ಕಂಡಿತೆಂದರೆ ನಾನು ಬೇರೆ ಕಡೆ ನೋಡಿದೆ.

"ನನ್ನ ಮೈ ನೋಡಿಯೇನು?" ಎಂದು ಸಾಹುಕಾರನಿಗೆ ಅಂದರು. "ಆ ಹುಡುಗಿ ಹೊದಿಕಿ ನಾ ಹೊಕ್ರ ಅಕಿ ಹೊರಗ ಬೀಳ್ತಾಳ. ಮಂದಿ ಕೂಸಿನ್ನ ಥಂಡ್ಯಾಗ ಹಾಕಿ ದಾಟೂದು ಎಂಥಾ ದಾಟೂದಲೇ? ಬ್ಯಾಡ."

"ನಾಳೆ ಮತ್ತ ಏರೋಣ್ರಿ. ಗಂಟು ತಗೊಂಡು," ಅಂದ ಅವನು.

ನಾಳೆ ಎಂಬುದಿರಲಿಲ್ಲ. ಆ ಬೇಸಿಗೆಯ ಕೊನೆಯ ತಂಡ ನಮ್ಮದು, ಕೆಳಗಿನ ಡೇರೆ ಮಧ್ಯಾಹ್ನಕ್ಕೆ ಬಿಚ್ಚುವವರಿದ್ದರು.

"ಕಾಯಿ?" ಅಂದ ಸಾಹುಕಾರ, ಚೀಲ ಹಿಡಿದು.

"ಒಡಿ ಇಲ್ಲೇ. ಹಸಿವ್ಯಾಗೈತಿ."

ಒಂದು ಬಂಡೆಗೆ ಒಡೆದ. ಒಳಗಿನ ನೀರು ಅರ್ಧ ಹೆಪ್ಪುಗಟ್ಟಿತ್ತು. ಮುಂದಾಳಿಗೆ ಒಂದು ಹೋಳು ಕೊಟ್ಟೆವು. ಅವನು ಅದನ್ನು ಹಣೆಗೊತ್ತಿಕೊಂಡು ಮೇಲೆ ಹೋದ. ಅಕ್ಕೋರು ಎದ್ದು ಸೀರೆಯ ಹಿಮ ಕೊಡವಿ, "ಮಾಸ್ತರ್ರ, ಮುಂದ ನಡೀರಿ," ಅಂದರು. ಗಂಟುಗಳು ಇಟ್ಟ ಹಾಗೇ ಇದ್ದವು, ಒಂದು ಕಲ್ಲೂ ಸರಿದಿರಲಿಲ್ಲ. ಅಕ್ಕೋರ ಗಂಟನ್ನೂ ಸಾಹುಕಾರನೇ ಹೊತ್ತ. ಬೇಡ ಅನ್ನುವಷ್ಟು ತ್ರಾಣ ಅವರಲ್ಲಿ ಇರಲಿಲ್ಲ.

ಊರಿಗೆ ಬಂದರೆ ಸುದ್ದಿ ನಮಗಿಂತ ಮೊದಲು ಬಂದು ದಾಟಿಯೂ ಬಿಟ್ಟಿತ್ತು. ಶಾಲೆ ಸುರುವಾದ ವಾರವೇ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, 'ಹಿಮಾಲಯ ದಾಟಿದ ವೀರವನಿತೆ' ಎಂಬ ಬಟ್ಟೆಯ ಬರಹ. ಅಕ್ಕೋರು ಮೈಕಿನ ಮುಂದೆ ನಿಂತು, "ನಾವು ದಾಟಲಿಲ್ರೀ. ಗಂಟು ಬಿಟ್ಟು ಹೋಗಿದ್ವಿ, ತಿರುಗಿ ಬಂದ್ವಿ," ಅಂದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಹೆಡ್ಮಾಸ್ತರರು ಎದ್ದು, ದೊಡ್ಡವರ ವಿನಯ ಹೀಗಿರುತ್ತದೆ ಎಂದರು. ಅಕ್ಕೋರು ಮತ್ತೆ ಮೈಕು ಹಿಡಿದು, "ವಿನಯ ಅಲ್ರೀ, ಖರೇನ ದಾಟಿಲ್ಲ," ಅಂದರು. ಇನ್ನೂ ಜೋರು ಚಪ್ಪಾಳೆ. ಶಾಲನ್ನು ಮೇಜಿನ ಮೇಲೇ ಬಿಟ್ಟು, ಹಣ್ಣನ್ನು ಹುಡುಗಿಯರಿಗೆ ಹಂಚಿ, ನನ್ನ ಪಕ್ಕ ಬಂದು ಕೂತರು. "ಅಲ್ಲಿ ಏರಿದ್ದಕ್ಕಿಂತ ಇಲ್ಲಿ ಹೈರಾಣಾದೆ," ಅಂದರು.

ಮುಂದಿನ ಬೇಸಿಗೆ ಹೋಗೋಣವೆಂದು ಸಾಹುಕಾರ ವರ್ಷವರ್ಷವೂ ಬಂದು ಕೇಳಿದ. ಮೊಣಕಾಲು ಬಿಡಲಿಲ್ಲ. ನಿವೃತ್ತಿಯ ವರ್ಷ ಅವರು ಕುರ್ಚಿಯಲ್ಲಿ ಕೂತೇ ಪಾಠ ಮಾಡುತ್ತಿದ್ದರು. ಅಲ್ಲಿಯ ತನಕ ಕಣಿವೆಮಾರ್ಗದ ಪಾಠವನ್ನು ಪುಸ್ತಕ ಓದಿಸಿಯೇ ಮುಗಿಸಿದ್ದರು. ಆ ಪಾಠದ ಪಾಳಿ ಕೊನೆಯ ಸಲ ಬಂದ ದಿನ ನಾನು ನನ್ನ ಹುಡುಗಿಯರಿಗೆ ಒಂದು ಉದ್ದನೆಯ ಲೆಕ್ಕ ಕೊಟ್ಟು ತಟ್ಟಿಯ ಹತ್ತಿರ ನಿಂತೆ. ದಾಟದೆ ಬಂದವರು ಏನು ಹೇಳುತ್ತಾರೋ, ಹುಡುಗಿಯರು ಏನು ಕೇಳುತ್ತಾರೋ ಎಂದು ಅವರ ಬದಲು ನಾನೇ ಹೆದರುತ್ತಿದ್ದೆ.

ಅಕ್ಕೋರು ಪುಸ್ತಕ ತೆರೆಸಲಿಲ್ಲ. ಮರಗಳು ಮುಗಿಯುವುದನ್ನು ಹೇಳಿದರು, ಹುಲ್ಲು ಮುಗಿಯುವುದನ್ನು ಹೇಳಿದರು. ಹಿಮ ತುಳಿದರೆ ಉಪ್ಪಿನ ಚೀಲ ತುಳಿದಂಗ ಸಪ್ಪಳ ಬರತೈತಿ ಎಂದರು. ತಗ್ಗೂ ಎತ್ತರವೂ ಒಂದೇ ಜಾಗದಲ್ಲಿ ಹೇಗೆ ಎಂಬುದನ್ನು ಎರಡು ಅಂಗೈ ಎತ್ತಿ ಹಿಡಿದು ತೋರಿಸಿದರೆಂದು ಕಾಣುತ್ತದೆ, ಹುಡುಗಿಯರೆಲ್ಲ ಓ ಎಂದರು. "ಆ ಕಡಿಂದ ಗಾಳಿ ಬೀಸತಿತ್ತು. ಬಾಳ ತಣ್ಣಂದು. ಆ ಕಡೀದು ಅಂತ ನನಗ ಸಿಕ್ಕದ್ದು ಆ ಗಾಳಿ ಒಂದ."

"ಆಮ್ಯಾಲ್ರೀ ಅಕ್ಕೋರೆ?"

"ಇಲ್ಲಿತನಕ ನಾ ಹೋಗೀನಿ, ಇಲ್ಲಿತನಕ ಹೇಳೀನಿ. ಇದರ ಮುಂದ ನನಗ ಗೊತ್ತಿಲ್ಲವ್ವ. ಈಗ ಪುಸ್ತಕ ತಗೀರಿ."

ಹಾಳೆಗಳ ಸದ್ದಾಯಿತು. ಕುರ್ಚಿ ಕಿರುಗುಟ್ಟಿತು. ಒಬ್ಬ ಹುಡುಗಿ ಎದ್ದು, ಪರೀಕ್ಷೆಗೆ ಓದುವವರ ಅವಸರದಲ್ಲಿ ಓದತೊಡಗಿದಳು. ಕಣಿವೆಮಾರ್ಗದ ಆಚೆಯ ಇಳಿಜಾರು, ಅಲ್ಲಿಯ ಒಣಹವೆ, ಅಲ್ಲಿಯ ಜನ, ಅವರ ಕುರಿಗಳು.

"ನಿಧಾನಕ್ಕ ಓದವ್ವ," ಅಂದರು ಅಕ್ಕೋರು. "ನಾ ಕೇಳಾಕತ್ತೀನಿ."